ಹಳೇ ಇವಿ ಮೇಲಿನ ಕಾರ್‌ಪೂಲ್ ಸ್ಟಿಕ್ಕರ್‌ಗೆ 800 ಡಾಲರ್ ಜಾಸ್ತಿ ಕೊಡಬಹುದಾ? ಜೊತೆಗೆ ನಮ್ಮ ಎನ್‌ಎಚ್ 48 ವಿಚಾರ

ಪಿಬಿ_ರೋಡ್ (ದಾವಣಗೆರೆ):

ಅಕ್ಕನ ಮಗ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಮನೆ ಮಾಡಿದಾನೆ. ಆಫೀಸು ಓಕ್ಲಂಡ್ ಕಡೆ, ದಿನಾ 880 ಹೆದ್ದಾರಿ ಮೇಲೆ ಹೋಗಿ ಬರಬೇಕು. ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ಹುಡುಕ್ತಿದಾನೆ. ಒಂದೇ ಮಾಡೆಲ್, ಒಂದೇ ವರ್ಷದ ಎರಡು ಕಾರು ಸಿಕ್ಕಿವೆ, ಓಡಿರೋದೂ ಹೆಚ್ಚು ಕಮ್ಮಿ ಅಷ್ಟೇ. ಒಂದರ ಮೇಲೆ ಕಾರ್‌ಪೂಲ್ ಲೇನ್ (ಒಬ್ಬರಿಗಿಂತ ಜಾಸ್ತಿ ಜನ ಕೂತಿರೋ ಕಾರಿಗೆ ಮೀಸಲಾದ ಲೇನ್) ಸ್ಟಿಕ್ಕರ್ ಐತಿ. ಅದಕ್ಕೇ ಅಂತ ಮಾರೋನು 800 ಡಾಲರ್ ಜಾಸ್ತಿ ಹೇಳ್ತಿದಾನೆ. "ಒಬ್ಬರೇ ಇದ್ರೂ ಆ ಲೇನ್‌ನಲ್ಲಿ ಹೋಗಬಹುದು, ಸ್ಟಿಕ್ಕರ್ ಕಾರಿನ ಜೊತೆಗೇ ಬರುತ್ತೆ" ಅಂತ ಅವನ ಮಾತು. ಹುಡುಗ ಹೊಸಬ, ನಂಬೋ ಹಂಗಿದಾನೆ. ಇದು ನಿಜಾನಾ? ಅಲ್ಲಿ ಇರೋರು ಸ್ವಲ್ಪ ಬಿಡಿಸಿ ಹೇಳಿ.

ಹಂಗೇ ಇನ್ನೊಂದು. ನಮ್ಮದೂ ಹಸಿರು ನಂಬರ್ ಪ್ಲೇಟ್ ಕಾರು. ಬೆಂಗಳೂರಿಗೆ ಹೋಗುವಾಗ ಹೆಬ್ಬಾಳು ಟೋಲ್‌ನಿಂದ ಶುರುವಾಗಿ ಎಲ್ಲಾ ಕಡೆ ದುಡ್ಡು ಕಟ್ ಆಗುತ್ತೆ. ಇವಿಗೆ ಲೇನ್ ಆಗಲಿ, ರಿಯಾಯಿತಿ ಆಗಲಿ ನಮ್ಮಲ್ಲಿ ಏನಾದ್ರೂ ಐತಾ?

ಚಂದ್ರವಳ್ಳಿ_ಟು_ಬೇ_ಏರಿಯಾ:

ಸ್ಟಿಕ್ಕರ್ ಲೆಕ್ಕದಲ್ಲಿ ಒಂದು ಡಾಲರ್ರೂ ಜಾಸ್ತಿ ಕೊಡೋದು ಬೇಡ ಸರ್. ಆ ಯೋಜನೆ 2025ರ ಸೆಪ್ಟೆಂಬರ್ 30ಕ್ಕೆ ಮುಗೀತು. ಅಲ್ಲಿನ ಡಿಎಂವಿ, ಅಂದ್ರೆ ನಮ್ಮ ಆರ್‌ಟಿಒ ಇದ್ದ ಹಾಗೆ, ಹೊಸ ಅರ್ಜಿ ತಗೊಳ್ಳೋದನ್ನ ಆಗಸ್ಟ್ 29ಕ್ಕೇ ನಿಲ್ಲಿಸಿತ್ತು. ಅಕ್ಟೋಬರ್ 1ರಿಂದ ಯಾವ ಬಣ್ಣದ ಸ್ಟಿಕ್ಕರ್ ಆದ್ರೂ, ಯಾವತ್ತು ಕೊಟ್ಟಿದ್ದಾದ್ರೂ, ಲೆಕ್ಕಕ್ಕಿಲ್ಲ. ಮೊದಲ 60 ದಿನ ದಂಡ ಹಾಕದೆ ಬಿಟ್ಟಿದ್ರು, ಅದೂ ಮುಗಿದಿದೆ. ಈಗ ಸ್ಟಿಕ್ಕರ್ ನಂಬಿಕೊಂಡು ಒಬ್ಬನೇ ಆ ಲೇನ್‌ಗೆ ಹೋದ್ರೆ ಕನಿಷ್ಠ 490 ಡಾಲರ್ ದಂಡ.

ಮಾರೋನ ಮಾತಲ್ಲಿ ಅರ್ಧ ಸತ್ಯ ಇದೆ. ಸ್ಟಿಕ್ಕರ್ ಓನರ್ ಹೆಸರಿಗಲ್ಲ, ಕಾರಿಗೆ ಅಂಟಿಕೊಂಡೇ ಇರ್ತಿತ್ತು, ಮಾರಿದ್ರೆ ಕೊಂಡೋರಿಗೆ ಹೋಗ್ತಿತ್ತು. ಆದ್ರೆ ಹೋಗೋಕೆ ಈಗ ಅದರಲ್ಲಿ ಏನೂ ಉಳಿದಿಲ್ಲ.

ಇನ್ನು 880 ವಿಚಾರ. ಫ್ರೀಮಾಂಟ್ ಭಾಗದಲ್ಲಿ ಇರೋದು ಬರೀ ಕಾರ್‌ಪೂಲ್ ಲೇನ್ ಅಲ್ಲ, ಎಕ್ಸ್‌ಪ್ರೆಸ್ ಲೇನ್. ದುಡ್ಡು ಕೊಟ್ರೆ ಒಬ್ಬನೇ ಇದ್ರೂ ಹೋಗಬಹುದು. ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 5ರಿಂದ ರಾತ್ರಿ 8ರವರೆಗೆ ಟೋಲ್. ಕಾರಲ್ಲಿ ಮೂರು ಜನ ಅಥವಾ ಜಾಸ್ತಿ ಇದ್ರೆ ಫ್ರೀ, ಇಬ್ಬರಿದ್ರೆ ಅರ್ಧ, ಒಬ್ಬನೇ ಆದ್ರೆ ಪೂರ್ತಿ. ಮೊದಲು ಸ್ಟಿಕ್ಕರ್ ಇದ್ದ ಇವಿಗೆ ಒಬ್ಬರೇ ಇದ್ರೂ ಅರ್ಧ ಟೋಲ್ ಇತ್ತು, ಈಗ ಅದೂ ಇಲ್ಲ. ದರ ಟ್ರಾಫಿಕ್ ನೋಡಿಕೊಂಡು ಏರುತ್ತೆ, ಇಳಿಯುತ್ತೆ. ಲೇನ್ ಶುರುವಾಗೋ ಮುಂಚೆ ಬೋರ್ಡ್ ಮೇಲೆ ಯಾವ ದರ ಕಂಡಿತೋ ಅದೇ ಅವನಿಗೆ ಬೀಳೋದು.

ಫಾಸ್ಟ್ರ್ಯಾಕ್ ಅಂತ ಟ್ಯಾಗ್ ಇದೆ, ನಮ್ಮ ಫಾಸ್ಟ್ಯಾಗ್ ಥರ ಆದ್ರೆ ಸ್ಟಿಕ್ಕರ್ ಅಲ್ಲ, ಸಣ್ಣ ಡಬ್ಬಿ. ಅವನು ತಗೋಬೇಕಾದ್ದು ಫ್ಲೆಕ್ಸ್ ಅನ್ನೋದು. ಅದರಲ್ಲಿ 1, 2, 3+ ಅಂತ ಜಾರಿಸೋ ಸ್ವಿಚ್ ಇರುತ್ತೆ. ಹತ್ತೋ ಮುಂಚೆಯೇ ಇದನ್ನ ಇಟ್ಟುಕೊಳ್ಳಬೇಕು, ಓಡಿಸ್ತಾ ಅಲ್ಲ. ಎಲ್ಲರೂ ಎಡವೋದು ಇಲ್ಲೇ: ಬೆಳಿಗ್ಗೆ ಗೆಳೆಯನ ಜೊತೆ ಹೋಗುವಾಗ 2ಕ್ಕೆ ಇಟ್ಟು, ಸಂಜೆ ಒಬ್ಬನೇ ಬರುವಾಗ ಮರೀತಾರೆ. ಸ್ವಿಚ್ ಎಷ್ಟಕ್ಕಿದೆ ಅಂತ ಲೇನ್ ಮೇಲಿನ ದೀಪ ಹೈವೇ ಪೊಲೀಸರಿಗೆ ತೋರಿಸುತ್ತೆ, ಒಳಗೆ ತಲೆ ಎಣಿಸೋದಷ್ಟೇ ಅವರ ಕೆಲಸ. ಉಲ್ಟಾ ಮರೆತ್ರೆ, ಅಂದ್ರೆ ಮೂರು ಜನ ಇದ್ದೂ 1ರಲ್ಲೇ ಬಿಟ್ರೆ, ಪೂರ್ತಿ ಟೋಲ್ ಬೀಳುತ್ತೆ.

ಮಕ್ಕಳೂ ತಲೆ ಲೆಕ್ಕಕ್ಕೆ ಬರ್ತಾರೆ, ಕಾರ್ ಸೀಟಲ್ಲಿರೋ ಕೂಸು ಕೂಡ. ನಾಯಿ ಬರಲ್ಲ.

ಜೋಗಿಮಟ್ಟಿ_ಗಾಳಿ (ಚಿತ್ರದುರ್ಗ):

ಮೇಲಿನವರು ಹೇಳಿದ್ದು ಸರಿ. ಯಾಕೆ ನಿಂತಿತು ಅನ್ನೋದನ್ನೂ ತಿಳಿದಿರಲಿ, ಯಾಕಂದ್ರೆ "ಮತ್ತೆ ಶುರುವಾಗುತ್ತೆ, ಸ್ಟಿಕ್ಕರ್ ಇಟ್ಕೊಂಡಿರಿ" ಅಂತ ಮಾರೋನು ಮುಂದಿನ ದಾಳ ಉರುಳಿಸೋದು ಖಂಡಿತ.

ಈ ಲೇನ್‌ಗಳು ಹೆಚ್ಚಿನಂಶ ಫೆಡರಲ್ ನೆರವಿನ ಹೆದ್ದಾರಿಗಳ ಮೇಲಿವೆ. ತಲೆ ಲೆಕ್ಕ ಇಲ್ಲದೆ ಯಾರನ್ನ ಒಳಗೆ ಬಿಡಬಹುದು ಅನ್ನೋದು ಅಲ್ಲಿನ ಕೇಂದ್ರ ಕಾನೂನಿನಲ್ಲೇ ಬರೆದಿದೆ. ಕಡಿಮೆ ಹೊಗೆ ಬಿಡೋ ಗಾಡಿಗಳಿಗೆ ದಾರಿ ಬಿಡೋ ಅಧಿಕಾರ ರಾಜ್ಯಗಳಿಗೆ 2005ರ ಹೆದ್ದಾರಿ ಕಾಯ್ದೆಯಲ್ಲಿ ಸಿಕ್ತು. 2015ರ ಕಾಯ್ದೆ ಎಲೆಕ್ಟ್ರಿಕ್ ಗಾಡಿಗಳ ಮಟ್ಟಿಗೆ ಅದನ್ನ 2025ರ ಸೆಪ್ಟೆಂಬರ್ 30ರವರೆಗೆ ಎಳೀತು. ಆಮೇಲೆ ಸಂಸತ್ತು ವಿಸ್ತರಿಸಲಿಲ್ಲ. ಕ್ಯಾಲಿಫೋರ್ನಿಯಾ ತನ್ನ ಕಡೆಯಿಂದ 2024ರಲ್ಲೇ 2027ರವರೆಗೆ ಅಂತ ಕಾನೂನು ಮಾಡಿಟ್ಟುಕೊಂಡಿತ್ತು. ಮೇಲಿಂದ ಅನುಮತಿ ಇಲ್ಲದ ಮೇಲೆ ಅದು ಕಾಗದದಲ್ಲೇ ಉಳೀತು. ನ್ಯೂಯಾರ್ಕ್‌ನಲ್ಲೂ ಇಂಥದ್ದೇ ಯೋಜನೆ ಅದೇ ದಿನಕ್ಕೆ ನಿಂತಿತು.

ಇನ್ನೊಂದು ಕಾರಣ ಲೇನ್‌ನ ವೇಗ. ಅದೇ ಕಾನೂನಿನಲ್ಲಿ ಒಂದು ಷರತ್ತು ಇದೆ: ದಟ್ಟಣೆ ಹೊತ್ತಿನಲ್ಲಿ ಆ ಲೇನ್‌ನ ಸರಾಸರಿ ವೇಗ ಗಂಟೆಗೆ 45 ಮೈಲಿಗಿಂತ (ಸುಮಾರು 72 ಕಿ.ಮೀ.) ಕೆಳಗಿಳಿಯಬಾರದು. 180 ದಿನದ ಲೆಕ್ಕದಲ್ಲಿ ಶೇ. 90ರಷ್ಟು ಹೊತ್ತು ಈ ವೇಗ ಸಿಗದಿದ್ರೆ ಲೇನ್ ಕೆಟ್ಟಿದೆ ಅಂತಲೇ ಅರ್ಥ, ರಾಜ್ಯ ಸರಿಪಡಿಸಲೇಬೇಕು. ಯೋಜನೆ ಮುಗಿಯೋ ಹೊತ್ತಿಗೆ ಚಾಲ್ತಿಯಲ್ಲಿದ್ದ ಸ್ಟಿಕ್ಕರ್ 5 ಲಕ್ಷಕ್ಕೂ ಮೇಲೆ. ಅಷ್ಟು ಕಾರು ಒಬ್ಬೊಬ್ಬರನ್ನೇ ಹೊತ್ತುಕೊಂಡು ಒಂದೇ ಲೇನ್‌ಗೆ ನುಗ್ಗಿದ್ರೆ, ನಿಜವಾಗಿ ಮೂರು ಜನ ಕೂತು ಬರೋನಿಗೆ ಏನು ಸಿಕ್ಕಂಗಾಯ್ತು? ನನ್ನ ಕೇಳಿದ್ರೆ ನಿಂತಿದ್ದೇ ಸರಿ. ಇವಿ ಇದ್ರೂ ರಸ್ತೆ ಮೇಲೆ ಹಿಡಿಯೋ ಜಾಗ ಅಷ್ಟೇ.

ಹಿಂದೆಯೂ ಹೀಗೇ ಆಗಿದೆ. ಹೈಬ್ರಿಡ್ ಕಾರುಗಳಿಗೆ ಹಳದಿ ಸ್ಟಿಕ್ಕರ್ 85,000 ಕೊಟ್ಟಿದ್ರು, ಅವು 2011ರ ಜುಲೈ 1ಕ್ಕೆ ರದ್ದಾದವು. ಆಮೇಲೆ ಬಂದ ಬಣ್ಣ ಬಣ್ಣದ್ದಕ್ಕೂ ಒಂದೊಂದು ಕೊನೇ ತಾರೀಕು ಇತ್ತು, ಬಣ್ಣ ನೋಡಿ ಅವಧಿ ಹೇಳಬಹುದಿತ್ತು. ಮುಂದೆ ಸಂಸತ್ತು ಮನಸ್ಸು ಮಾಡಿದ್ರೂ ಹೊಸ ಅರ್ಜಿ, ಹೊಸ ಬಣ್ಣ ಅಂತಲೇ ಬರುತ್ತೆ ಅನ್ನೋದು ನನ್ನ ಅಂದಾಜು. ಹಳೇದಕ್ಕೆ ಈಗ ದುಡ್ಡು ಕೊಡೋದು ಅವಧಿ ಮುಗಿದ ಬಸ್ ಪಾಸ್ ಕೊಂಡಂಗೆ.

ಪಿಬಿ_ರೋಡ್ (ದಾವಣಗೆರೆ):

ಭಾಳ ಉಪಕಾರ ಆತ್ರಿ. ಇಷ್ಟು ಬಿಡಿಸಿ ಹೇಳಿದ್ದನ್ನ ಹುಡುಗನಿಗೆ ಹಂಗೇ ಕಳಿಸ್ತೀನಿ. ಬಂಪರ್ ಮೇಲೆ ಸ್ಟಿಕ್ಕರ್ ಹಂಗೇ ಇದ್ರೆ ಪೊಲೀಸರು ನಿಲ್ಲಿಸ್ತಾರಾ? ಸ್ಟಿಕ್ಕರ್ ಇಲ್ಲದ ಕಾರನ್ನೇ ತಗೋ ಅನ್ಲಾ?

ಚಂದ್ರವಳ್ಳಿ_ಟು_ಬೇ_ಏರಿಯಾ:

ಸ್ಟಿಕ್ಕರ್ ನೋಡಿ ಕಾರು ಆರಿಸೋದೇ ಬೇಡ. ಎರಡರಲ್ಲಿ ಬ್ಯಾಟರಿ ಯಾವುದರದ್ದು ಚೆನ್ನಾಗಿದೆ ನೋಡಲಿ. ಪೂರ್ತಿ ಚಾರ್ಜ್ ಮಾಡಿದಾಗ ತೋರಿಸೋ ಮೈಲಿ ಒಂದನ್ನೇ ನಂಬಬಾರದು, ಹಿಂದಿನವನು ಓಡಿಸಿದ ರೀತಿ ಮೇಲೆ ಅದು ಬದಲಾಗುತ್ತೆ. ಓಬಿಡಿ ಪೋರ್ಟ್‌ಗೆ (ಕಾರಿನ ಒಳಗಿನ ಮಾಹಿತಿ ಓದೋ ಸಾಕೆಟ್) ಬ್ಲೂಟೂತ್ ಡಾಂಗಲ್ ಹಾಕಿ, ಆ ಮಾಡೆಲ್‌ನ ಆ್ಯಪ್‌ನಲ್ಲಿ ಬ್ಯಾಟರಿ ಆರೋಗ್ಯದ ಶೇಕಡಾವಾರು ಓದಿಕೊಳ್ಳಲಿ. ಬಹುತೇಕ ಕಂಪನಿಗಳ ಬ್ಯಾಟರಿ ವಾರಂಟಿ 8 ವರ್ಷ ಅಥವಾ 1 ಲಕ್ಷ ಮೈಲಿ, ಯಾವುದು ಮೊದಲೋ ಅದು. ಎಷ್ಟು ಉಳಿದಿದೆ ಅಂತ ಕಾರು ಮೊದಲು ರಸ್ತೆಗಿಳಿದ ತಾರೀಕಿನಿಂದ ಎಣಿಸಬೇಕು, ಮಾಡೆಲ್ ವರ್ಷದಿಂದ ಅಲ್ಲ. ಸೆಕೆಂಡ್ ಹ್ಯಾಂಡ್ ಇವಿಗೆ ಫೆಡರಲ್ ತೆರಿಗೆಯಲ್ಲಿ 4,000 ಡಾಲರ್‌ವರೆಗೆ ಕಳೀತಿದ್ರಲ್ಲ, ಅದೂ ಅದೇ ಸೆಪ್ಟೆಂಬರ್ 30ಕ್ಕೆ ಮುಗಿದಿದೆ. ಅದರ ಆಸೆ ತೋರಿಸಿದ್ರೂ ನಂಬಬೇಡಿ.

ಕೊಂಡ ದಿನವೇ ಎರಡು ಕೆಲಸ. ಮಾರೋನು ತನ್ನ ಟೋಲ್ ಟ್ಯಾಗ್ ಕಿತ್ತುಕೊಳ್ಳಬೇಕು, ಇವನು ಆ ನಂಬರ್ ಪ್ಲೇಟನ್ನ ತನ್ನ ಟೋಲ್ ಖಾತೆಗೆ ಸೇರಿಸಬೇಕು. ಇಲ್ಲಾಂದ್ರೆ ಒಬ್ಬನ ಟೋಲ್ ಇನ್ನೊಬ್ಬನ ಮನೆಗೆ ನೋಟಿಸ್ ಆಗಿ ಹೋಗುತ್ತೆ. ಆಮೇಲೆ ಮಾರೋನು 5 ದಿನದೊಳಗೆ ಡಿಎಂವಿಗೆ ಮಾರಿದೆ ಅಂತ ತಿಳಿಸಬೇಕು, ಇವನು 10 ದಿನದೊಳಗೆ ಹೆಸರು ಬದಲಾಯಿಸಿಕೊಳ್ಳಬೇಕು.

ಡೆಂಟಿಂಗ್_ಪೇಂಟಿಂಗ್_ಹರಿಹರ:

ಸ್ಟಿಕ್ಕರ್ ತೆಗಿಯೋದು ಹೇಳ್ತೀನಿ, ಎಲ್ಲಾ ವಿನೈಲ್‌ಗೂ ಒಂದೇ ವಿಧಾನ. ಹೇರ್ ಡ್ರೈಯರ್‌ನಿಂದ ಒಂದೆರಡು ನಿಮಿಷ ಬಿಸಿ ಮಾಡಿ, ಕೈ ಇಟ್ರೆ ತಾಳೋಷ್ಟೇ ಬಿಸಿ ಸಾಕು. ಒಂದು ಮೂಲೆಯನ್ನ ಪ್ಲಾಸ್ಟಿಕ್ ಕಾರ್ಡ್‌ನಿಂದ ಎಬ್ಬಿಸಿ, ನೆಟ್ಟಗೆ ಮೇಲಕ್ಕೆಳೀಬೇಡಿ, ಮೈಗೆ ಒರಗಿಸಿಕೊಂಡೇ ನಿಧಾನಕ್ಕೆ ಎಳೀರಿ. ಉಳಿದ ಗೋಂದಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಮೆತ್ತನೆ ಬಟ್ಟೆ. ಥಿನ್ನರ್, ಪೆಟ್ರೋಲ್ ಮುಟ್ಟಿಸಲೇಬೇಡಿ, ಬಂಪರ್ ಪ್ಲಾಸ್ಟಿಕ್ಕು, ಅದರ ಮೇಲಿನ ಪೇಂಟು ಮಂಕಾಗಿಬಿಡುತ್ತೆ. ಬ್ಲೇಡ್ ಗಾಜಿನ ಮೇಲೆ ಮಾತ್ರ. ವರ್ಷಗಟ್ಟಲೆ ಬಿಸಿಲಲ್ಲಿ ನಿಂತ ಕಾರಾದ್ರೆ ಸ್ಟಿಕ್ಕರ್ ಕೆಳಗಿನ ಪೇಂಟು ಕಡುವಾಗಿ ಉಳಿದು ಅಚ್ಚು ಕಾಣುತ್ತೆ. ಪಾಲಿಶ್ ಹೊಡೆದ್ರೆ ಸ್ವಲ್ಪ ಹೋಗುತ್ತೆ, ಪೂರ್ತಿ ಹೋಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಇದನ್ನೇ ತೋರಿಸಿ 800 ಜಾಸ್ತಿ ಅಂದೋನ ಹತ್ರ ನೂರಾದ್ರೂ ಕಮ್ಮಿ ಮಾಡಿಸಲಿ.

ಕೊಂಡಜ್ಜಿ_ಕೆರೆ:

ಎನ್‌ಎಚ್ 48 ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ನಾನು ಹೇಳ್ತೀನಿ. ಲೇನ್ ಇಲ್ಲ, ರಿಯಾಯಿತಿಯೂ ಇಲ್ಲ. ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮ 2008ರದ್ದು, ವಿನಾಯಿತಿ ಪಟ್ಟಿಯಲ್ಲಿ ಆಂಬುಲೆನ್ಸ್, ಅಗ್ನಿಶಾಮಕ, ಸೇನೆ ಇಂಥವು ಇವೆ, ಎಲೆಕ್ಟ್ರಿಕ್ ಕಾರು ಇಲ್ಲ. ಫಾಸ್ಟ್ಯಾಗ್ ನೋಡೋದು ಗಾಡಿಯ ವರ್ಗವನ್ನ, ಇಂಧನವನ್ನಲ್ಲ. ಕಾರು, ಜೀಪು, ವ್ಯಾನು ಎಲ್ಲಾ ಒಂದೇ ವರ್ಗ. ಮಹಾರಾಷ್ಟ್ರ 2025ರ ಆಗಸ್ಟ್‌ನಿಂದ ಮುಂಬೈನ ಅಟಲ್ ಸೇತುವಿನಲ್ಲಿ ಇವಿ ಕಾರಿಗೆ ಟೋಲ್ ಬಿಟ್ಟಿದ್ದನ್ನ ಇಲ್ಲಿ ಕೆಲವರು ವಾಟ್ಸಾಪ್‌ನಲ್ಲಿ ತಿರುಗಿಸಿ "ಇಡೀ ದೇಶಕ್ಕೆ" ಅಂತ ಹಬ್ಬಿಸಿದಾರೆ. ಹೆಬ್ಬಾಳಿನ ಬೂತ್‌ನಲ್ಲಿ ಅದನ್ನ ತೋರಿಸಿದ್ರೆ ಹಿಂದಿನ ಲಾರಿಯವನ ಹಾರ್ನ್ ಕೇಳೋದೇ ಲಾಭ.

ಹಸಿರು ಪ್ಲೇಟಿಂದ ನಮಗೆ ಸಿಗೋದು ಮುಖ್ಯವಾಗಿ ತೆರಿಗೆಯಲ್ಲಿ. ಅದರಲ್ಲೂ 25 ಲಕ್ಷ ಮೀರಿದ ಇವಿಗೆ 2024ರಿಂದ ಕರ್ನಾಟಕದಲ್ಲಿ ಶೇ. 10 ಜೀವಿತಾವಧಿ ತೆರಿಗೆ ಬಂದಿದೆ.

ಟೋಲ್ ಉಳಿಸಬೇಕಂದ್ರೆ ವಾರ್ಷಿಕ ಪಾಸ್ ನೋಡ್ರಿ. 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಶುರುವಾಯ್ತು. ತಗೊಳ್ಳೋ ದಿನ ರಾಜಮಾರ್ಗ ಯಾತ್ರಾ ಆ್ಯಪ್‌ನಲ್ಲಿ ಯಾವ ದರ ಇರುತ್ತೋ ಅದು. ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅದು. ಒಂದು ಪ್ಲಾಜಾ ಒಮ್ಮೆ ದಾಟಿದ್ರೆ ಒಂದು ಟ್ರಿಪ್. ಬೆಂಗಳೂರು ದಾರಿಯಲ್ಲಿ ಹೆಬ್ಬಾಳು, ಗುಯಿಲಾಳು, ಕರ್ಜೀವನಹಳ್ಳಿ, ತುಮಕೂರು ದಾಟಿದ ಮೇಲಿನದು, ಹಿಂಗೆ ಎಣಿಸಿಕೊಂಡ್ರೆ ಹೋಗಿ ಬರೋಕೆ ಎಂಟಾದ್ರೂ ಖರ್ಚಾಗುತ್ತೆ. ಪಾಸ್ ಸಿಗದೇ ಇರೋಕೆ ಸಾಮಾನ್ಯ ಕಾರಣ, ಶೋರೂಮ್‌ನವರು ಚಾಸಿ ನಂಬರ್ ಮೇಲೆ ಮಾಡಿಕೊಟ್ಟ ಫಾಸ್ಟ್ಯಾಗ್. ಮೊದಲು ಬ್ಯಾಂಕಿನಲ್ಲಿ ಗಾಡಿ ನಂಬರ್ ಸೇರಿಸಿ, ಆಮೇಲೆ ಪಾಸ್. ರಾಜ್ಯ ಹೆದ್ದಾರಿ ಟೋಲ್‌ಗೆ ಇದು ನಡೆಯಲ್ಲ. ಟ್ಯಾಗ್ ಪದೇ ಪದೇ ಓದದಿದ್ರೆ ಗಾಜು ನೋಡಿ. ಬಿಸಿಲು ತಡೆಯೋ ಲೋಹದ ಪದರ ಇರೋ ಗಾಜಾದ್ರೆ ಕನ್ನಡಿ ಹಿಂದಿನ ಕಪ್ಪು ಚುಕ್ಕಿ ಜಾಗದಲ್ಲೇ ಅಂಟಿಸಬೇಕು.

ಪಿಬಿ_ರೋಡ್ (ದಾವಣಗೆರೆ):

ಚಾಸಿ ನಂಬರ್ ಮೇಲೇ ಐತ್ರಿ ನಮ್ದು, ಸೋಮವಾರ ಬ್ಯಾಂಕಿಗೆ ಹೋಗ್ತೀನಿ. ಬೆಂಗಳೂರಿಗೆ ಹೋಗುವಾಗ ಪರಿಚಯದ ಇಬ್ಬರನ್ನ ಕೂರಿಸಿಕೊಂಡು ಚಾರ್ಜಿಂಗ್ ಖರ್ಚು ಹಂಚಿಕೊಳ್ಳೋದು ನಡೆಯುತ್ತಾ?

ಕೊಂಡಜ್ಜಿ_ಕೆರೆ:

ಪರಿಚಯದವರು ಡಾಬಾದಲ್ಲಿ ಊಟದ ಬಿಲ್ ಕೊಟ್ರೆ ಯಾರೂ ಕೇಳಲ್ಲ. ಆ್ಯಪ್‌ನಲ್ಲಿ ಸೀಟಿಗೆ ಇಷ್ಟು ಅಂತ ಹಾಕಿ ಗುರುತಿಲ್ಲದವರನ್ನ ಕೂರಿಸಿದ್ರೆ ಅದು ಬಾಡಿಗೆ. ಪರ್ಮಿಟ್ ಇಲ್ಲದೆ ಬಾಡಿಗೆ ಹೊಡೆದ್ರೆ ಮೋಟಾರು ವಾಹನ ಕಾಯ್ದೆ 192ಎ ಪ್ರಕಾರ 10,000 ರೂಪಾಯಿವರೆಗೆ ದಂಡ. "ಇವಿಗೆ ಪರ್ಮಿಟ್ ಬೇಡ" ಅಂತ 2018ರಲ್ಲಿ ಕೇಂದ್ರ ಹೇಳಿದ್ದು ಹಸಿರು ಪ್ಲೇಟ್ ಮೇಲೆ ಹಳದಿ ಅಕ್ಷರ ಇರೋ ಬಾಡಿಗೆ ಗಾಡಿಗೆ. ನಿಮ್ಮದು ಬಿಳಿ ಅಕ್ಷರ, ಅದು ಅನ್ವಯಿಸಲ್ಲ. ಬಾಡಿಗೆಗೆ ಓಡಿಸಿದ್ದು ಗೊತ್ತಾದ್ರೆ ವಾರ್ಷಿಕ ಪಾಸೂ ರದ್ದಾಗುತ್ತೆ.

ಜೋಗಿಮಟ್ಟಿ_ಗಾಳಿ (ಚಿತ್ರದುರ್ಗ):

ಚಾರ್ಜಿಂಗ್ ಮಾತು ಬಂತಲ್ಲ ಅಂತ ಒಂದು ಸೇರಿಸ್ತೀನಿ. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ಬೆಂಗಳೂರು 900ರ ಮೇಲೆ. ಒಂದೂ ಮುಕ್ಕಾಲು ಟನ್ ಕಾರಿಗೆ ಆ ಏರಿಗೆ ಒಂದೂವರೆ ಯೂನಿಟ್ ಹೆಚ್ಚು ಬೇಕು. ಬರುವಾಗ ಅದು ಉಳಿಯುತ್ತೆ ಅಂದ್ಕೊಂಡು ಹೊರಟ್ರೆ ಮುಂಗಾರಿನಲ್ಲಿ ಲೆಕ್ಕ ತಪ್ಪುತ್ತೆ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ, ಹಿರಿಯೂರಿಂದ ಈಚೆ ಎದುರಿಗೇ ಹೊಡೆಯುತ್ತೆ. ದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ಜೋರಾಗಿ ತಿರುಗ್ತಿದ್ರೆ 100ರ ಬದಲು 80ರಲ್ಲಿ ಬನ್ನಿ. ಹಿರಿಯೂರಲ್ಲಿ ಹತ್ತು ನಿಮಿಷ ಜಾಸ್ತಿ ಚಾರ್ಜ್‌ಗೆ ಹಾಕಿದ್ರೂ ಆದೀತು.