ವ್ಯಾಗನ್ ಆರ್‌ಗೆ 100/90 ಬಲ್ಬ್ ಹಾಕಿಸಬಹುದಾ?

ಬೆಟಗೇರಿಯವ:
ನನ್ನದು 2012ರ ವ್ಯಾಗನ್ ಆರ್. ವಾರಕ್ಕೆ ಮೂರು ಸಲ ಕೆಲಸ ಮುಗಿಸಿ ರಾತ್ರಿ ಹುಬ್ಬಳ್ಳಿಯಿಂದ ಗದಗಕ್ಕೆ ಬರುತ್ತೇನೆ. ಅಣ್ಣಿಗೇರಿ ದಾಟಿದ ಮೇಲೆ ಎರಡೂ ಕಡೆ ಎರಿ ಹೊಲ, ಕತ್ತಲು ಅಂದ್ರೆ ಕತ್ತಲು. ಹೋದ ವಾರ ಕಣಿಕೆ ಹೇರಿಕೊಂಡು ಹೊರಟಿದ್ದ ಒಂದು ಟ್ರ್ಯಾಕ್ಟರ್, ಹಿಂದೆ ಕೆಂಪು ದೀಪವೂ ಇಲ್ಲ, ತೀರಾ ಹತ್ತಿರ ಹೋದ ಮೇಲೆ ಕಂಡಿತು. ಹೇಗೋ ಬ್ರೇಕ್ ಹಿಡಿಯಿತು. ಈಗಿರುವುದು ಕಂಪನಿಯ ಎಚ್4 (ಹೈ, ಲೋ ಎರಡೂ ಬೀಮ್ ಒಂದರಲ್ಲೇ ಇರುವ ಬಲ್ಬ್), 60/55 ವ್ಯಾಟ್, ಅಂದ್ರೆ ಹೈ ಬೀಮ್‌ಗೆ 60, ಲೋ ಬೀಮ್‌ಗೆ 55. ಒಬ್ಬ ಅಂಗಡಿಯವರು 100/90 ಹಾಕಿ ಅಂತಾರೆ, ಇನ್ನೊಬ್ಬರು ಬಿಳಿ ಎಲ್‌ಇಡಿ ಅಂತಾರೆ. ಯಾವುದು ಹಾಕಿಸಲಿ?

ರಾಣೆಬೆನ್ನೂರು ರೋಡ್:
ಎಲ್‌ಇಡಿ ಹಾಕಿಸಿ ನಾನು ಕೆಟ್ಟೆ ನೋಡ್ರಿ. ಮೊದಲ ದಿನ ಗೋಡೆ ಮೇಲೆ ಬಿಟ್ಟು ನೋಡಿದಾಗ ಹಾಲು ಚೆಲ್ಲಿದ ಹಾಗೆ ಬೆಳಕು, ಬಹಳ ಖುಷಿಯಾಯಿತು. ಆಮೇಲೆ ಹೈವೇಯಲ್ಲಿ ಎದುರು ಬಂದವರೆಲ್ಲ ಡಿಪ್ಪರ್ ಹೊಡೆದು ಬೈಯುವುದೇ ಆಯಿತು, ನಾನು ಲೋ ಬೀಮ್‌ನಲ್ಲೇ ಇದ್ದರೂ! ಮಳೆ ಬಂದರೆ ಆ ಬಿಳಿ ಬೆಳಕಿಗೆ ರಸ್ತೆಯೇ ಕಾಣಲ್ಲ. ತೆಗೆದು ಡಬ್ಬಿಗೆ ಹಾಕಿದೆ. 2024ರ ಜುಲೈಯಿಂದ ಪೊಲೀಸರೂ ಕಣ್ಣು ಕುಕ್ಕುವ ಲೈಟಿಗೆ ಕೇಸ್ ಹಾಕಲು ಶುರು ಮಾಡಿದ್ದಾರೆ, ಅದೂ ನೆನಪಿರಲಿ.

ಹಳೇ ಹುಬ್ಬಳ್ಳಿ ವೈರಿಂಗ್:
ಮೇಲಿನವರಿಗೆ ಆಗಿದ್ದು ಯಾಕೆ ಅಂದ್ರೆ, ಎಚ್4 ಬಲ್ಬಿನೊಳಗೆ ಲೋ ಬೀಮ್ ತಂತಿಯ ಕೆಳಗೆ ಸಣ್ಣ ತಗಡಿನ ಬಟ್ಟಲು ಇರುತ್ತದೆ, ಬೆಳಕು ಮೇಲಕ್ಕೆ ಹೋಗದ ಹಾಗೆ ಅದೇ ತಡೆಯುವುದು. ರಿಫ್ಲೆಕ್ಟರ್ ಮಾಡಿರುವುದೂ ಆ ತಂತಿ ಇರುವ ಜಾಗದ ಲೆಕ್ಕಕ್ಕೆ. ಎಲ್‌ಇಡಿ ಚಿಪ್ಪು ಒಂದೆರಡು ಮಿಲಿಮೀಟರ್ ಆಚೀಚೆ ಕೂತರೂ ಸಾಕು, ಬೆಳಕು ಎದುರಿನವನ ಕಣ್ಣಿಗೆ ಚೆಲ್ಲುತ್ತದೆ.

ಇನ್ನು 100/90. ಹೈ ಬೀಮ್‌ಗೆ ಎರಡೂ ಬಲ್ಬ್ ಸೇರಿ 16 ಆಂಪ್ ದಾಟುತ್ತದೆ, ಈಗಿನದಕ್ಕೆ 10 ಸಾಕು. ರಿಲೇ (ಬ್ಯಾಟರಿಯಿಂದ ಬಲ್ಬಿಗೆ ನೇರ ಕರೆಂಟ್ ಬಿಡುವ ಸಣ್ಣ ಸ್ವಿಚ್ ಡಬ್ಬಿ) ಇಲ್ಲದೆ ಹಾಕಿದರೆ ಸಾಕೆಟ್ ಕರಗುತ್ತದೆ, ಸ್ವಿಚ್ ಸುಡುತ್ತದೆ. ರಿಲೇ ಹಾಕಿದರೂ ಬಿಸಿಗೆ ರಿಫ್ಲೆಕ್ಟರಿನ ಬೆಳ್ಳಿ ಬಣ್ಣ ಹೋಗಬಹುದು. ನಾನು ಹಾಕಿ ಕೊಡಲ್ಲ, ಗಿರಾಕಿ ಸಿಟ್ಟಾದರೂ ಅಷ್ಟೇ.

ಅಣ್ಣಾ, ನೀವು ಮೊದಲು ಎಂಜಿನ್ ಚಾಲೂ ಮಾಡಿ, ಲೈಟ್ ಹಚ್ಚಿ, ಬಲ್ಬಿನ ಪಿನ್ನಿಗೆ ಮೀಟರ್ ಇಟ್ಟು ನೋಡಿ. ವೋಲ್ಟೇಜ್ ಹತ್ತು ಪರ್ಸೆಂಟ್ ಕಮ್ಮಿಯಾದರೆ ಬೆಳಕು ಮೂವತ್ತು ಪರ್ಸೆಂಟ್ ಕಮ್ಮಿಯಾಗುತ್ತದೆ. ಹಳೆ ಗಾಡಿಗಳಲ್ಲಿ ಇದೇ ಕಾಯಿಲೆ ಜಾಸ್ತಿ. ಅದೇ 60/55 ಇಟ್ಟುಕೊಂಡು ರಿಲೇ ಕಿಟ್ ಹಾಕಿಸಿದರೆ ಗಾಡಿಯೇ ಬೇರೆ ಅನ್ನಿಸುತ್ತದೆ.

ಧಾರವಾಡ ಮಳೆ:
ಹೆಡ್‌ಲೈಟಿನ ಗಾಜು ಹಳದಿಯಾಗಿದೆಯಾ? ಗಾಜು ಅಂತೀವಿ, ಅದು ಪ್ಲಾಸ್ಟಿಕ್. ಆಗಿದ್ರೆ ವಾಟರ್ ಪೇಪರ್ (ನೀರು ಹಾಕಿ ತಿಕ್ಕುವ ಉಜ್ಜುಕಾಗದ) 1000 ನಂಬರ್, ಆಮೇಲೆ 2000, ಆಮೇಲೆ ಪಾಲಿಶ್, ಕೊನೆಗೆ ಯುವಿ ಕೋಟಿಂಗ್. ಕೋಟಿಂಗ್ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಟೂತ್‌ಪೇಸ್ಟ್ ತಿಕ್ಕುವುದು ಸುಮ್ನೆ ತಾತ್ಕಾಲಿಕ.

ಬೆಟಗೇರಿಯವ:
ಎಲ್ಲರಿಗೂ ಥ್ಯಾಂಕ್ಸ್. ಮೀಟರ್ ಇಟ್ಟೆ: ಬ್ಯಾಟರಿಯಲ್ಲಿ 13.8, ಬಲ್ಬಿನ ಹತ್ತಿರ 11.9. ಅರ್ತ್ ವೈರಿನ ಬೋಲ್ಟ್ ಪೂರ್ತಿ ತುಕ್ಕು. ಅದನ್ನು ಉಜ್ಜಿ ಬಿಗಿ ಮಾಡಿದ್ದಕ್ಕೇ 12.6ಕ್ಕೆ ಬಂತು. ರಿಲೇ ಕಿಟ್ ಭಾನುವಾರ. ಗಾಜೂ ಹಳದಿಯಾಗಿದೆ, ತಿಕ್ಕಬೇಕು. ಇನ್ನೊಂದು, ಗೋಡೆ ಮೇಲೆ ಬಿಟ್ಟು ನೋಡಿದರೆ ಬಲಗಡೆ ಲೈಟ್ ಬೇವಿನ ಮರದ ತುದಿ ನೋಡುತ್ತಿದೆ, ಇದನ್ನು ಮನೆಯಲ್ಲೇ ತಿರುಗಿಸಿ ಸರಿ ಮಾಡಬಹುದಾ?

ಹಳೇ ಹುಬ್ಬಳ್ಳಿ ವೈರಿಂಗ್:
ಮಾಡಬಹುದು, ಲೈಟಿನ ಹಿಂದೆ ಅದಕ್ಕೇ ಸ್ಕ್ರೂ ಇದೆ. ಟೈರಿಗೆ ಗಾಳಿ ಸರಿ ಇಟ್ಟು, ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಡ್ರೈವರ್ ಸೀಟಿನಲ್ಲಿ ಒಬ್ಬರನ್ನು ಕೂರಿಸಿ ತಿರುಗಿಸಿ.