ಯುದ್ಧಕ್ಕೆ ಹೊರಟವರೆಲ್ಲ ಆತ್ಮರಕ್ಷಣೆ ಅಂತಾನೇ ಯಾಕೆ ಹೇಳ್ತಾರೆ?

ಪ್ರಶ್ನೆ: ಯಾವ ದೇಶ ನೋಡಿದ್ರೂ ಶುರು ಮಾಡಿದ್ದು ನಾವಲ್ಲ ಅವ್ರೇ ಅಂತಾರೆ, ಒಳಗಿರೋ ಕಾರಣ ಜಾಗನೋ ಎಣ್ಣೆನೋ ಕುರ್ಚಿನೋ ಆಗಿರತ್ತೆ. ಯಾಕೀ ನಾಟಕ?

ಉತ್ತರ: ಕಾನೂನೇ ಹಾಗಿದೆ ಗುರು. 1945ರ ವಿಶ್ವಸಂಸ್ಥೆ ಚಾರ್ಟರ್ (ಸ್ಥಾಪನಾ ಒಪ್ಪಂದ) ಪ್ರಕಾರ ಇನ್ನೊಂದು ದೇಶದ ಮೇಲೆ ಸೇನೆ ಬಳಸೋಕೆ ಭದ್ರತಾ ಮಂಡಳಿ ಒಪ್ಪಿಗೆ ಬೇಕು, ಇಲ್ಲಾಂದ್ರೆ 51ನೇ ವಿಧಿಯ ಆತ್ಮರಕ್ಷಣೆ, ಅದಕ್ಕೇ 2022ರಲ್ಲಿ ಉಕ್ರೇನ್‌ಗೆ ನುಗ್ಗಿದಾಗ ರಷ್ಯಾನೂ 51 ಅಂತಾನೇ ಹೇಳ್ತು, ಯುದ್ಧ ಅನ್ನೋ ಪದ ಬಿಟ್ಟು 'ವಿಶೇಷ ಸೇನಾ ಕಾರ್ಯಾಚರಣೆ' ಅಂದ್ರು.

ಉತ್ತರ: ಚಾರ್ಟರ್‌ಗಿಂತ ಮುಂಚೇನೂ ಇತ್ತು ಸಾರ್. 1939ರಲ್ಲಿ ನಾಜಿಗಳು ತಮ್ಮದೇ ಗ್ಲೈವಿಟ್ಸ್ ರೇಡಿಯೋ ಸ್ಟೇಷನ್ ಮೇಲೆ ಪೋಲೆಂಡಿನವ್ರ ಹೆಸರಲ್ಲಿ ದಾಳಿ ಮಾಡಿಸಿ ಮಾರನೇ ದಿನ ಪೋಲೆಂಡ್‌ಗೆ ನುಗ್ಗಿದ್ರು. ಸ್ವಂತ ಜನಾನ ಒಪ್ಪಿಸ್ಬೇಕಲ್ಲ, ಸಾಯೋಕೆ ಹೋಗೋರು ಅವ್ರ ಮಕ್ಳೇ.

ಉತ್ತರ: 2003ರ ಇರಾಕ್ ಮರೆತ್ರಾ? ಅಲ್ಲಿ ಸಾಮೂಹಿಕ ವಿನಾಶದ ಅಸ್ತ್ರ ಇದೆ ಅಂತ ಅಮೆರಿಕದವ್ರು ಅಂದ್ರು, ಹೇಳಿದ ದಾಸ್ತಾನು ಸಿಗ್ಲೇ ಇಲ್ಲ, ಆಮೇಲೆ ಪ್ರಜಾಪ್ರಭುತ್ವದ ಮಾತೇ ಜಾಸ್ತಿ ಆಯ್ತು 🙄