ಅಪ್‌ಡೇಟ್: ಓ’ಡ್ವಯರ್ ಎಂಬ ಕುಲನಾಮದ ಮೂಲ

ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ವೇಳೆ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಮೈಕೆಲ್ ಓ’ಡ್ವಯರ್ ಹಾಗೂ ಅಲ್ಲಿ ಗುಂಡು ಹಾರಿಸಲು ಆಜ್ಞಾಪಿಸಿದ ರೆಜಿನಾಲ್ಡ್ ಡಯರ್ ಒಂದೇ ಮನೆತನದವರೇ ಎಂದು ನಾನು ಹಿಂದೆ ಕೇಳಿದ್ದೆ. ಅಲ್ಲವೆಂಬುದು ಈಗ ಸ್ಪಷ್ಟವಾಗಿದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಡಯರ್ ಎಂಬುದು ಬಟ್ಟೆಗೆ ಬಣ್ಣ ಹಾಕುವ ಕಸುಬಿನಿಂದ ಬಂದ ಇಂಗ್ಲಿಷ್ ಹೆಸರು. ಓ’ಡ್ವಯರ್ ಮಾತ್ರ ಐರಿಷ್ ಕುಲನಾಮ. ಅದರ ಮೊದಲಿನ ‘ಓ’ ವಂಶಜ ಎಂಬುದನ್ನು ಸೂಚಿಸುತ್ತದೆ. ಐರ್ಲೆಂಡಿನ ಟಿಪ್ಪರರಿ ಕೌಂಟಿಯ (ಜಿಲ್ಲೆಯ) ಪಶ್ಚಿಮ ಭಾಗದಲ್ಲಿ ಪ್ರಬಲವಾಗಿದ್ದ ಈ ಕುಲ 17ನೇ ಶತಮಾನದಲ್ಲಿ, ಇಂಗ್ಲಿಷ್ ಸೇನಾನಿ ಕ್ರಾಮ್‌ವೆಲ್ಲನ ದಂಡಯಾತ್ರೆಯ ನಂತರ, ತನ್ನ ಭೂಮಿಯ ಬಹುಪಾಲನ್ನು ಕಳೆದುಕೊಂಡಿತು. ಇಂಗ್ಲಿಷರ ಆಳ್ವಿಕೆಯಲ್ಲಿ ಅನೇಕ ಐರಿಷ್ ಕುಟುಂಬಗಳು ‘ಓ’ವನ್ನು ಕೈಬಿಟ್ಟು, 19ನೇ ಶತಮಾನದ ಕೊನೆಯ ಸಾಂಸ್ಕೃತಿಕ ಪುನರುತ್ಥಾನದ ಕಾಲದಲ್ಲಿ ಕೆಲವರಷ್ಟೇ ಅದನ್ನು ಮರಳಿ ಸೇರಿಸಿಕೊಂಡದ್ದರಿಂದ, ಇಂದಿಗೂ ಡ್ವಯರ್ ಮತ್ತು ಓ’ಡ್ವಯರ್ ಎರಡೂ ರೂಪಗಳು ಬಳಕೆಯಲ್ಲಿವೆ. ಟಿಪ್ಪರರಿಯಲ್ಲಿ ಈ ಹೆಸರು ಈಗಲೂ ಸಾಮಾನ್ಯ.

ನನ್ನನ್ನು ಆಳವಾಗಿ ಕಲಕಿದ್ದು ಬೇರೆಯೇ ಸಂಗತಿ. ಐರ್ಲೆಂಡಿನ 1798ರ ದಂಗೆಯಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ, ವಿಕ್ಲೋ ಬೆಟ್ಟಗಳಲ್ಲಿ ವರ್ಷಗಟ್ಟಲೆ ತಲೆಮರೆಸಿಕೊಂಡಿದ್ದು, ಕೊನೆಗೆ ಆಸ್ಟ್ರೇಲಿಯಾಕ್ಕೆ ಗಡಿಪಾರಾದ ಮೈಕೆಲ್ ಡ್ವಯರ್ ಹೆಸರೂ ಇದೇ. ಆದರೆ 1919ರಲ್ಲಿ ಡಯರ್‌ನ ಕೃತ್ಯವನ್ನು ಸಮರ್ಥಿಸಿ, 1940ರಲ್ಲಿ ಲಂಡನ್ನಿನಲ್ಲಿ ಉಧಮ್ ಸಿಂಗ್‌ನ ಗುಂಡಿಗೆ ಬಲಿಯಾದ ಟಿಪ್ಪರರಿಯ ಮೈಕೆಲ್ ಓ’ಡ್ವಯರ್ ಸಾಮ್ರಾಜ್ಯದ ಪರವಾಗಿ ನಿಂತವನು.